ಕಾಲ್ನಡಿಗೆಯಲ್ಲಿ ಹಳೆಯ ಉದ್ಯಾನಕ್ಕೆ: ಓದುಗರ ಪ್ರಶ್ನೆ, ಚಾರಣಿಗರ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ಬಗೆಯ ನಡಿಗೆಯವು. ಬೆಳಿಗ್ಗೆ ಹೊರಟು, ಹೊಲವೋ ಗುಡ್ಡವೋ ದಾಟಿ, ಹಳೆಯ ಎಸ್ಟೇಟೊಂದರ ಉದ್ಯಾನ ನೋಡಿಕೊಂಡು, ಕತ್ತಲಾಗುವುದರೊಳಗೆ ಹಿಂತಿರುಗುವುದು. ಎಸ್ಟೇಟ್ ಎಂದರೆ ನಮ್ಮಲ್ಲಿ ಕಾಫಿ ತೋಟವೇ ಕಣ್ಣಮುಂದೆ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಬೇರೆ. ಸಿರಿವಂತ ಮನೆತನವೊಂದು ತನ್ನ ಬಂಗಲೆಯ ಸುತ್ತ ನೂರಾರು ಎಕರೆಯಲ್ಲಿ ಕೆರೆ ಕಟ್ಟಿಸಿ, ಸಾಲುಮರ ನೆಡಿಸಿ, ಮಂಟಪ ನಿಲ್ಲಿಸಿ ಮಾಡಿಸಿದ ಉದ್ಯಾನ ಅದು.

ಪ್ರಶ್ನೆ: ನಾವು ಇಳಿಯುವ ನಿಲ್ದಾಣದಿಂದ ಉದ್ಯಾನ 9 ಕಿ.ಮೀ., ದಾರಿಯಲ್ಲಿ ಸುಮಾರು 300 ಮೀಟರ್ ಏರು. ಎಷ್ಟು ಹೊತ್ತಿಗೆ ಹೊರಟರೆ ಸರಿ?

ಉತ್ತರ: ಲೆಕ್ಕವನ್ನು ಸಂಜೆಯಿಂದ ಹಿಂದಕ್ಕೆ ಹಾಕಿ. ಬೆಳಗಿನಿಂದ ಮುಂದಕ್ಕೆ ಹಾಕಿದರೆ ಉದ್ಯಾನದ ಪಾಲಿಗೆ ಉಳಿಯುವುದು ಚೂರುಪಾರು ಹೊತ್ತು ಮಾತ್ರ.

ನಡಿಗೆಯ ವೇಳೆ ಅಂದಾಜಿಸಲು ಇಂದಿಗೂ ಎಲ್ಲರೂ ಹಿಡಿಯುವುದು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನೇ. ಗಂಟೆಗೆ 3 ಮೈಲಿ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಈಗಿನ ಅಳತೆಗೆ ತಂದರೆ ಗಂಟೆಗೆ 5 ಕಿ.ಮೀ., ಪ್ರತಿ 100 ಮೀಟರ್ ಏರಿಗೆ 10 ನಿಮಿಷ. ಆದರೆ ಇದು ಗಟ್ಟಿ ಕಾಲಿನವರು ಎಲ್ಲೂ ನಿಲ್ಲದೆ ನಡೆಯುವ ಲೆಕ್ಕ. ನಾಲ್ಕಾರು ಜನರ ಗುಂಪಿಗೆ ಗಂಟೆಗೆ 4 ಕಿ.ಮೀ. ಹಿಡಿಯಿರಿ. 9 ಕಿ.ಮೀ.ಗೆ 2 ಗಂಟೆ 15 ನಿಮಿಷ, ಏರಿಗೆ 30 ನಿಮಿಷ, ಗಂಟೆಗೊಮ್ಮೆ ಹತ್ತು ನಿಮಿಷ ಕೂರುವುದು ಸೇರಿದರೆ ಹತ್ತಿರ ಹತ್ತಿರ 3 ಗಂಟೆ 10 ನಿಮಿಷ. ಮರಳುವಾಗ ಇಳಿಜಾರು, ಆದರೆ ಕಾಲು ದಣಿದಿರುತ್ತದೆ. 2 ಗಂಟೆ 45 ನಿಮಿಷ ಇಟ್ಟುಕೊಳ್ಳಿ. ಉದ್ಯಾನಕ್ಕೆ 3 ಗಂಟೆ.

ಈಗ ಹಿಂದಿನಿಂದ ಬನ್ನಿ. ಸೂರ್ಯಾಸ್ತ 6.15 ಎಂದಾದರೆ ನಡಿಗೆ ಅದಕ್ಕೆ ಒಂದು ಗಂಟೆ ಮೊದಲು, 5.15ಕ್ಕೆ ಮುಗಿಯಬೇಕು. ಹಾಗಾದರೆ ಉದ್ಯಾನದಿಂದ ಹೊರಬೀಳುವುದು 2.30ಕ್ಕೆ, ಒಳಗೆ ಕಾಲಿಡುವುದು 11.30ಕ್ಕೆ, ಮನೆಯವರನ್ನೆಲ್ಲ ಹೊರಡಿಸುವುದು 8.20ಕ್ಕೆ. 8.20 ಎಂದರೆ ಎಂಟು ಎಂದೇ ಹೇಳಿ. ಶೂ ಲೇಸು ಕಟ್ಟುವುದರಲ್ಲೇ ಇಪ್ಪತ್ತು ನಿಮಿಷ ಹೋಗುತ್ತದೆ.

ಬಹಳ ಜನ ತಪ್ಪುವುದು ಇನ್ನೊಂದು ಕಡೆ. ಉದ್ಯಾನದ ಒಳಗಿನ ನಡಿಗೆಯನ್ನು ಅವರು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕೆರೆಯ ಸುತ್ತ ಒಂದು ಪ್ರದಕ್ಷಿಣೆ, ಅಲ್ಲಿಂದ ಗೋಡೆಯೊಳಗಿನ ತರಕಾರಿ ತೋಟ, ಮತ್ತೆ ಬಂಗಲೆಯ ಮುಂಭಾಗ, ನಡುವೆ ಮೆಟ್ಟಿಲು, ಜಲ್ಲಿ ಹಾದಿ. ಇಷ್ಟರಲ್ಲಿ ಮೂರ್ನಾಲ್ಕು ಕಿ.ಮೀ. ಸುಲಭವಾಗಿ ಸೇರುತ್ತದೆ. ನಿಮ್ಮ 18 ಕಿ.ಮೀ. ನಡಿಗೆ ಅಸಲಿಗೆ 22 ಕಿ.ಮೀ. ನಡಿಗೆ. ಕಾಲು ಸೋಲುವುದು ಆ ಕೊನೆಯ ನಾಲ್ಕರಲ್ಲೇ.

ಹೊರಡುವ ಮೊದಲು ಎರಡು ಸಂಗತಿ ವಿಚಾರಿಸಿ. ವಾರದಲ್ಲಿ ಯಾವ ದಿನ ರಜೆ, ಕೊನೆಯ ಪ್ರವೇಶ ಎಷ್ಟು ಹೊತ್ತಿಗೆ. ಮುಚ್ಚುವ ಹೊತ್ತೇ ಬೇರೆ, ಕೊನೆಯ ಪ್ರವೇಶವೇ ಬೇರೆ. ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆ ಅಂತರ ಇರುವುದು ಸಾಮಾನ್ಯ. ಚಳಿ ದೇಶಗಳಲ್ಲಿ ಚಳಿಗಾಲದ ತಿಂಗಳುಗಟ್ಟಲೆ ಬಾಗಿಲು ಹಾಕುವ ಉದ್ಯಾನಗಳೂ ಉಂಟು.

ಪ್ರಶ್ನೆ: ಫೋನಿನ ನಕ್ಷೆ ನೋಡಿಯೇ ನಡೆದರೂ ಉದ್ಯಾನದ ಗೋಡೆಯ ಹಿಂದೆ ಹೋಗಿ ನಿಲ್ಲುವಂತಾಗುತ್ತದಂತೆ. ಯಾಕೆ?

ಉತ್ತರ: ನಕ್ಷೆಯ ಗುರುತು ಬಂಗಲೆಯ ಮೇಲಿರುತ್ತದೆ, ಟಿಕೆಟ್ ಬಾಗಿಲ ಮೇಲಲ್ಲ. ಹಳೆಯ ಎಸ್ಟೇಟುಗಳ ಸುತ್ತುಗೋಡೆ ಕಿ.ಮೀ.ಗಟ್ಟಲೆ ಹೋಗುತ್ತದೆ, ಬಾಗಿಲು ಒಂದೋ ಎರಡೋ. ಮೂಗಿನ ನೇರಕ್ಕೆ ನಡೆದವರು ಗೋಡೆ ಮುಟ್ಟಿ, ಅದರ ಗುಂಟ ಮತ್ತೆ ಮುಕ್ಕಾಲು ಗಂಟೆ ಸುತ್ತುತ್ತಾರೆ. ಹಿಂದಿನ ರಾತ್ರಿಯೇ ಪ್ರವೇಶದ್ವಾರ ಹುಡುಕಿ ಅದರ ಮೇಲೆ ಗುರುತು ಹಾಕಿ, ನಕ್ಷೆಯನ್ನು ಇಂಟರ್‌ನೆಟ್ ಇಲ್ಲದೆ ತೆರೆಯುವಂತೆ ಇಳಿಸಿಕೊಳ್ಳಿ.

ಕಾಗದದ ನಕ್ಷೆ ಸಿಕ್ಕರೆ ಬಿಡಬೇಡಿ. 1:25,000 ಅಳತೆಯದರಲ್ಲಿ 4 ಸೆಂ.ಮೀ. ಎಂದರೆ 1 ಕಿ.ಮೀ. ಸಮೋನ್ನತ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಅಂತರ 10 ಮೀಟರ್ ಎಂದು ಅಂಚಿನಲ್ಲಿ ಬರೆದಿದ್ದರೆ, ದಾರಿ ಮೇಲಕ್ಕೆ ದಾಟುವ ಗೆರೆಗಳನ್ನು ಎಣಿಸಿ ಹತ್ತರಿಂದ ಗುಣಿಸಿದರೆ ಏರು ಸಿಕ್ಕಿತು. ಇಳಿದು ಮತ್ತೆ ಏರುವಲ್ಲಿ ಏರಿದ್ದನ್ನು ಮತ್ತೆ ಎಣಿಸಬೇಕು. ಹೊರಟ ಜಾಗದ ಮತ್ತು ತಲುಪುವ ಜಾಗದ ಎತ್ತರದ ವ್ಯತ್ಯಾಸವನ್ನಷ್ಟೇ ನೋಡಿದರೆ ದಾರಿ ಮೋಸ ಮಾಡುತ್ತದೆ.

ಪ್ರಶ್ನೆ: ಕಾಲುದಾರಿ ಉದ್ಯಾನದ ಹಿಂಬಾಗಿಲಿಗೆ ಬರುತ್ತದೆ. ಸುತ್ತು ಹಾಕಿ ಮುಂದಿನಿಂದಲೇ ಹೋಗಬೇಕೆ, ಸಿಕ್ಕ ಬಾಗಿಲಲ್ಲೇ ನುಗ್ಗಿದರಾಗದೆ?

ಉತ್ತರ: ಬರೀ ಹೂ ನೋಡುವುದಾದರೆ ಯಾವ ಬಾಗಿಲಾದರೂ ಸರಿ. ಉದ್ಯಾನ ನೋಡಬೇಕೆಂದರೆ ಇದು ಇಡೀ ದಿನದ ಬಹು ಮುಖ್ಯವಾದ ಪ್ರಶ್ನೆ. ಇಂಥ ಉದ್ಯಾನಗಳನ್ನು ಕಟ್ಟಿದವರು ಯಾವುದು ಮೊದಲು ಕಾಣಬೇಕು, ಯಾವುದು ಕಂಡು ಮರೆಯಾಗಬೇಕು, ಯಾವುದು ಕೊನೆಗೆ ಎದುರು ನಿಲ್ಲಬೇಕು ಎಂದು ಕಾಲಿನ ಲೆಕ್ಕದಲ್ಲೇ ಯೋಚಿಸಿದವರು. ತುದಿಯಿಂದ ಹೊಕ್ಕರೆ ಗುಟ್ಟು ಮೊದಲೇ ಒಡೆದ ಕಥೆಯಂತೆ.

ಇಟಲಿಯ ತಿವೋಲಿಯಲ್ಲಿರುವ ವಿಲ್ಲಾ ದೆಸ್ತೆಯನ್ನೇ ತಗೊಳ್ಳಿ. ಕಾರ್ಡಿನಲ್ ಇಪ್ಪೊಲಿತೊ ದೆಸ್ತೆಗಾಗಿ 16ನೇ ಶತಮಾನದಲ್ಲಿ ಪಿರೋ ಲಿಗೋರಿಯೊ ರೂಪಿಸಿದ ಇಳಿಜಾರಿನ ಉದ್ಯಾನ. ಆಗ ಅತಿಥಿಗಳು ಹೊಕ್ಕುತ್ತಿದ್ದುದು ಕೆಳಗಿನ ಬಾಗಿಲಿನಿಂದ. ಕಾರಂಜಿಗಳ ನಡುವೆ ಏರಿ ಏರಿ ಕೊನೆಗೆ ಮೇಲಿನ ಅರಮನೆ ಮುಟ್ಟಬೇಕಿತ್ತು. ಈಗ ಪ್ರವಾಸಿಗರು ಅರಮನೆಯೊಳಗಿಂದಲೇ ಬಂದು ಮೇಲಿನಿಂದ ಇಳಿಯುತ್ತಾರೆ. ನೋಡುವುದು ಅವೇ ಕಾರಂಜಿ, ಆದರೆ ಸಾಲು ತಲೆಕೆಳಗು. ಅಲ್ಲಿ ಮಾಡಬೇಕಾದ್ದು ಇಷ್ಟೇ: ಅಕ್ಕಪಕ್ಕ ಹೆಚ್ಚು ನೋಡದೆ ಒಂದು ಬದಿಯಿಂದ ಕೆಳಗಿಳಿದು, ತಳ ಮುಟ್ಟಿ, ಅಲ್ಲಿಂದ ನಡುದಾರಿಯಲ್ಲಿ ನಿಧಾನ ಏರುವುದು. ಶ್ರೀನಗರದ ನಿಶಾತ್ ಬಾಗ್ ಕೂಡ ಹೀಗೆಯೇ. ನೂರ್ ಜಹಾನಳ ಅಣ್ಣ ಆಸಫ್ ಖಾನ್ ಕಟ್ಟಿಸಿದ ಅದು ದಾಲ್ ಸರೋವರದಿಂದ ಬೆಟ್ಟದತ್ತ ಹಂತ ಹಂತವಾಗಿ ಏರುತ್ತದೆ. ನೀರು ಇಳಿದು ನಿಮ್ಮೆದುರಿಗೆ ಬರುತ್ತಿರಬೇಕು, ನೀವು ಅದಕ್ಕೆ ಎದುರಾಗಿ ಹತ್ತುತ್ತಿರಬೇಕು.

ಕೆರೆಯ ಸುತ್ತಿನ ಉದ್ಯಾನಗಳಲ್ಲಿ ನೋಡಬೇಕಾದ್ದು ದಿಕ್ಕು. ಇಂಗ್ಲೆಂಡಿನ ಸ್ಟೌರ್‌ಹೆಡ್‌ನಲ್ಲಿ 18ನೇ ಶತಮಾನದ ನಡುವಿನಲ್ಲಿ ಹೆನ್ರಿ ಹೋರ್ ಎಂಬ ಬ್ಯಾಂಕಿನ ಸಾಹುಕಾರ ನೀರಿಗೆ ಅಡ್ಡಕಟ್ಟೆ ಹಾಕಿ ಕೆರೆ ಮಾಡಿಸಿದ. ಅದನ್ನು ಅಪ್ರದಕ್ಷಿಣೆಯಾಗಿ ಸುತ್ತಬೇಕು. ಫ್ಲೋರಾ ದೇಗುಲದ ಕಡೆಯಿಂದ ನೀರಿನಾಚೆ ಪ್ಯಾಂಥಿಯನ್ ಎಂಬ ಗುಮ್ಮಟದ ಕಟ್ಟಡ ಕಾಣುತ್ತದೆ. ಹಾದಿ ಮರಗಳೊಳಗೆ ತಿರುಗಿದ ಮೇಲೆ ಅದು ಮಾಯ. ಆಮೇಲೆ ಹಾದಿ ಕತ್ತಲೆಯ ಕೃತಕ ಗವಿಯೊಳಗೆ ಇಳಿಯುತ್ತದೆ. ಒಳಗೆ ತಣ್ಣಗೆ, ನೀರು ಸುರಿಯುವ ಸದ್ದು. ಗೋಡೆಯಲ್ಲಿ ಒರಟು ಕಲ್ಲಿನ ಕಿಂಡಿಯೊಂದು, ಅದರಲ್ಲಿ ಚೌಕಟ್ಟು ಹಾಕಿದಂತೆ ಕೆರೆ. ಗವಿ ಬಿಟ್ಟು ಮೇಲೆ ಬಂದು ಇನ್ನಷ್ಟು ನಡೆದ ಮೇಲೆ ಆ ಪ್ಯಾಂಥಿಯನ್ ಕೈಗೆಟುಕುವಷ್ಟು ಹತ್ತಿರ ಬಂದಿರುತ್ತದೆ. ತಿರುವು ಮುರುವಾಗಿ ನಡೆದರೆ ಕಟ್ಟಡ ಮೊದಲು ಸಿಕ್ಕಿ, ಅದರ ಆಸೆ ಹುಟ್ಟಿಸುವ ನೋಟ ಆಮೇಲೆ ಬರುತ್ತದೆ. ಇಲ್ಲಿ ನಡೆಯಲು ಬಂದವರಿಗೆ ಇನ್ನೊಂದು ಲಾಭ: ಎಸ್ಟೇಟಿನ ಕಾಡುದಾರಿ ಹಿಡಿದು ಹೋದರೆ 1772ರಲ್ಲಿ ಮುಗಿದ ಕಿಂಗ್ ಆಲ್ಫ್ರೆಡ್ ಗೋಪುರ ಸಿಗುತ್ತದೆ, 49 ಮೀಟರ್ ಎತ್ತರ, 205 ಮೆಟ್ಟಿಲು. ಕಾರಿನಲ್ಲಿ ಬಂದು ಕೆರೆ ಸುತ್ತಿ ಹೋಗುವವರಲ್ಲಿ ಹೆಚ್ಚಿನವರು ಅಲ್ಲಿಗೆ ಬರುವುದಿಲ್ಲ.

ಎಸ್ಟೇಟಿನ ಕೈಪಿಡಿ ನಕ್ಷೆಯಲ್ಲಿ ಹಳೆಯ ಗಾಡಿದಾರಿ ಎಲ್ಲಿತ್ತು ಎಂದು ನೋಡಿ. ಆ ದಾರಿ ಬಂದು ಸೇರುವ ಬಾಗಿಲೇ ಮುಂಬಾಗಿಲು. ಅಲ್ಲಿಗೆ ಹೋಗಲು ಅರ್ಧ ಗಂಟೆ ಹೆಚ್ಚು ಬಿದ್ದರೂ ಹೋಗಿ.

ಪ್ರಶ್ನೆ: ‘ಹಾ-ಹಾ ಇದೆ, ಎಚ್ಚರ’ ಎಂಬ ಫಲಕ ಕಂಡಿದ್ದೇವೆ. ಏನದು?

ಉತ್ತರ: ನೆಲದಲ್ಲಿ ಹುದುಗಿಸಿದ ಬೇಲಿ. ಬಂಗಲೆಯ ಕಿಟಕಿಯಿಂದ ನೋಡಿದರೆ ಹುಲ್ಲುಹಾಸು ಎಲ್ಲೂ ತುಂಡಾಗದೆ ದೂರದ ಗೋಮಾಳದವರೆಗೆ ಹರಿದಂತೆ ಕಾಣಬೇಕು, ಆದರೆ ದನ ಕುರಿ ಜಿಂಕೆ ಹೂಪಾತಿಗೆ ನುಗ್ಗಬಾರದು. ಅದಕ್ಕಾಗಿ ಕಂದಕ ತೋಡಿ, ಉದ್ಯಾನದ ಬದಿಗೆ ನೆಟ್ಟಗೆ ಗೋಡೆ ಕಟ್ಟುತ್ತಾರೆ. ಆಚೆ ಬದಿ ಮಾತ್ರ ನಿಧಾನ ಇಳಿಜಾರು. ದನ ಇಳಿಜಾರಿನಲ್ಲಿ ಇಳಿದು ಗೋಡೆಯ ಬುಡದಲ್ಲಿ ನಿಲ್ಲುತ್ತದೆ, ಹತ್ತಲಾಗದು. ಗೋಡೆಯ ನೆತ್ತಿ ಹುಲ್ಲಿನ ಮಟ್ಟದಲ್ಲೇ ಇರುವುದರಿಂದ ಮೇಲಿನವರಿಗೆ ಅದು ಕಾಣುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಇದನ್ನು ಮೊದಮೊದಲು ದೊಡ್ಡದಾಗಿ ಬಳಸಿದವನು ಸ್ಟೋ ಉದ್ಯಾನದಲ್ಲಿ ವಿನ್ಯಾಸಕಾರ ಚಾರ್ಲ್ಸ್ ಬ್ರಿಜ್‌ಮನ್. ನಡೆಯುತ್ತ ಬಂದವರು ತಟ್ಟನೆ ಅಂಚು ಕಂಡು ‘ಹಾ! ಹಾ!’ ಎನ್ನುತ್ತಿದ್ದರು, ಹೆಸರು ಹಾಗೇ ಬಂತು ಎಂಬುದು 18ನೇ ಶತಮಾನದ ಲೇಖಕ ಹೊರೇಸ್ ವಾಲ್ಪೋಲ್ ಕೊಟ್ಟ ವಿವರಣೆ. ಕನ್ನಡಿಗರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಅಪಾಯ ಇರುವುದು ಉದ್ಯಾನದ ಕಡೆಯಿಂದ ಹೊರಗೆ ನಡೆಯುವವರಿಗೆ. ಬೀಳುವ ಆಳ ಒಂದೂಕಾಲು ಮೀಟರಿನಿಂದ ಆಳೆತ್ತರದವರೆಗೂ ಇರಬಹುದು. ಮೊದಲೇ ಗುರುತಿಸಲು ಹುಲ್ಲನ್ನು ನೋಡಿ. ಈಚೆ ಯಂತ್ರದಲ್ಲಿ ಕತ್ತರಿಸಿದ ಸಮ ಹುಲ್ಲು, ಆಚೆ ಮೇಯ್ದ ಒರಟು ಹುಲ್ಲು, ಎರಡರ ನಡುವೆ ಬಣ್ಣ ಬದಲಾಗುವ ಒಂದು ನೇರ ಗೆರೆ. ಆ ಗೆರೆಯೇ ಅಂಚು. ಮಕ್ಕಳು ಹುಲ್ಲುಹಾಸಿನಲ್ಲಿ ಓಡತೊಡಗುವ ಮೊದಲು ದೊಡ್ಡವರೊಬ್ಬರು ಹೋಗಿ ಅದರ ಮೇಲೆ ನಿಲ್ಲಲಿ. ಫೋಟೊ ತೆಗೆಯುವಾಗ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುವವರೂ ಇಲ್ಲೇ ಬೀಳುವುದು.

ನಡೆದು ಬಂದವರು ಈ ಕಂದಕವನ್ನು ಗೋಮಾಳದ ಬದಿಯಿಂದ ನೋಡಬೇಕು. ಮೇಲಿನವರಿಗೆ ಇಲ್ಲವೇ ಇಲ್ಲ ಎನಿಸುವ ಗೋಡೆ ಕೆಳಗಿನಿಂದ ಕೋಟೆಯ ಹಾಗೆ ಎದ್ದು ನಿಂತಿರುತ್ತದೆ. ಇಡೀ ವ್ಯವಸ್ಥೆ ಯಾರ ಕಣ್ಣಿಗಾಗಿ ಮಾಡಿದ್ದು ಎಂದು ಅಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಕೆಸರಿನ ಬೂಟು ತೊಳೆದುಕೊಂಡು ಒಳಗೆ ಬನ್ನಿ ಎನ್ನುತ್ತಾರೆ. ಹೇಗೂ ಮಣ್ಣಿನ ಜಾಗವಲ್ಲವೆ, ಯಾಕಿಷ್ಟು ಮಡಿ?

ಉತ್ತರ: ಮಡಿಯಲ್ಲ, ರೋಗದ ಭಯ. ಅಡಿಕೆಗೆ ಕೊಳೆರೋಗ ತರುವುದು ಫೈಟಾಫ್ತೊರ ಎಂಬ ಕುಲದ ಜೀವಿ ಎಂದು ಬೆಳೆಗಾರರಿಗೆ ಗೊತ್ತು. ಅದೇ ಕುಲದ ಬೇರೆ ಜಾತಿಗಳು ರೋಡೊಡೆಂಡ್ರಾನ್, ಲಾರ್ಚ್, ಓಕ್ ಮುಂತಾದವನ್ನು ಕೊಲ್ಲುತ್ತವೆ. ನ್ಯೂಜಿಲೆಂಡಿನ ಕೌರಿ ಮರಗಳನ್ನು ಒಣಗಿಸುತ್ತಿರುವುದೂ ಈ ಕುಲದ್ದೇ ಒಂದು. ಅಲ್ಲಿನ ಕಾಡುದಾರಿಗಳ ಬಾಯಲ್ಲಿ ಬೂಟು ತೊಳೆಯುವ ಕಟ್ಟೆಗಳನ್ನೇ ಮಾಡಿಟ್ಟಿದ್ದಾರೆ. ಬೀಜಕಣ ಒದ್ದೆ ಮಣ್ಣಿನಲ್ಲಿ ಬದುಕಿ ಬೂಟಿನ ಅಚ್ಚಿನೊಳಗೆ ಕೂತು ಬರುತ್ತದೆ. ಬರಿ ನೀರು ಎರಚಿದರೆ ಸಾಲದು. ಮೊದಲು ಕಡ್ಡಿಯಿಂದ ಅಚ್ಚಿನ ಮಣ್ಣು ಕೆದಕಿ, ಬ್ರಷ್ಷಿನಿಂದ ಉಜ್ಜಿ, ಆಮೇಲೆ ಸೋಂಕುನಾಶಕ ದ್ರಾವಣ. ಮಣ್ಣು ಅಂಟಿಕೊಂಡಿದ್ದರೆ ದ್ರಾವಣ ಒಳಗೆ ಇಳಿಯುವುದೇ ಇಲ್ಲ.

ಇದರ ಜೊತೆಗೇ ಇನ್ನೊಂದು. ರಂಗೋಲಿಯಂತೆ ಕತ್ತರಿಸಿದ, ಬಾಕ್ಸ್ ಎಂಬ ಪೊದೆಗಿಡದ ಗಿಡ್ಡ ಬೇಲಿಗಳು ಮಳೆಗೆ ನೆನೆದಿದ್ದಾಗ ಅವನ್ನು ಕೈಯಿಂದ ಸವರುತ್ತ ನಡೆಯಬೇಡಿ. ಬಾಕ್ಸ್ ಬ್ಲೈಟ್ ಎಂಬ ರೋಗ ತರುವ ಶಿಲೀಂಧ್ರದ ಬೀಜಕಣ ಅಂಟಂಟು, ಒದ್ದೆ ಬಟ್ಟೆ ಕೈಗಳಿಗೆ ಹತ್ತಿ ಮುಂದಿನ ಗಿಡಕ್ಕೆ ಹೋಗುತ್ತದೆ. ನೂರಾರು ವರ್ಷದ ವಿನ್ಯಾಸ ಒಂದೆರಡು ಹಂಗಾಮಿನಲ್ಲೇ ಬೋಳಾಗಬಹುದು.

ಪ್ರಶ್ನೆ: ಹೊಸ ಶೂ ಕೊಂಡಿದ್ದೇನೆ. ಇದೇ ನಡಿಗೆಗೆ ಹಾಕಲೆ?

ಉತ್ತರ: ಬೇಡ. ಮೊದಲು ಒಂದೆರಡು ವಾರ ಐದಾರು ಕಿ.ಮೀ. ಓಡಾಟಕ್ಕೆ ಹಾಕಿ. ಬೊಬ್ಬೆ ಏಳುವುದು ಮೇಲುಜ್ಜಾಟದಿಂದ ಮಾತ್ರವಲ್ಲ. ಒಳಗೆ ಮೂಳೆ ಸರಿಯುತ್ತಿರುವಾಗ ಹೊರಚರ್ಮ ಕಾಲುಚೀಲಕ್ಕೆ ಅಂಟಿ ನಿಂತು, ನಡುವಿನ ಪದರ ಹರಿಯುವುದರಿಂದ. ಬೆವರಿನ ಒದ್ದೆಗೆ ಚರ್ಮ ಮೆದುವಾದಷ್ಟೂ ಬೇಗ. ಒಂದೇ ಜಾಗ ಬಿಸಿಯಾದಂತೆ ಅನ್ನಿಸಿದ ಕ್ಷಣ ನಿಂತು, ಶೂ ಬಿಚ್ಚಿ, ಚರ್ಮ ಒರೆಸಿ, ಅಂಟುಪಟ್ಟಿಯನ್ನು ಸುಕ್ಕಿಲ್ಲದೆ ಹಾಕಿ. ‘ಇನ್ನೊಂದು ಮೈಲಿ ಆಗಲಿ’ ಎಂದವರಿಗೆ ಆ ಮೈಲಿ ಮುಗಿಯುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಇಳಿಯುವಾಗ ಬೆರಳುಗುರು ಕಪ್ಪಾಗುವುದಾದರೆ ಉಗುರು ಕತ್ತರಿಸಿ, ಲೇಸನ್ನು ಮೇಲಿನ ಕೊನೆಯ ತೂತಿಗೂ ಹಾಕಿ ಹಿಮ್ಮಡಿ ಹಿಂದಕ್ಕೆ ಕೂರುವಂತೆ ಬಿಗಿಯಿರಿ. ಹತ್ತಿ ಕಾಲುಚೀಲ ಬಿಟ್ಟು ಉಣ್ಣೆಯದೋ ಸಿಂಥೆಟಿಕ್ಕೋ ಹಾಕಿ.

ಪ್ರಶ್ನೆ: ಕಾರಂಜಿಗಳು ದಿನವಿಡೀ ಚಿಮ್ಮುವುದಿಲ್ಲವೇಕೆ? ನಾವು ಹೋದಾಗೆಲ್ಲ ಬಂದ್.

ಉತ್ತರ: ಹಳೆಯ ಕಾರಂಜಿಗಳಿಗೆ ಪಂಪಿಲ್ಲ, ಗುಡ್ಡದ ಮೇಲಿನ ಕೆರೆಯೇ ಪಂಪು. ಮೇಲೆ ನೀರು ಶೇಖರಿಸಿ, ಕೊಳವೆಯಲ್ಲಿ ಇಳಿಸಿ, ಕೆಳಗೆ ಕಿರಿದಾದ ಮೂತಿಯಿಂದ ಬಿಡುತ್ತಾರೆ. ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ 1844ರಲ್ಲಿ ಮಾಡಿದ ಎಂಪರರ್ ಕಾರಂಜಿ ಇದಕ್ಕೆ ಒಳ್ಳೆಯ ಉದಾಹರಣೆ. ರಷ್ಯಾದ ಚಕ್ರವರ್ತಿ ಒಂದನೇ ನಿಕೊಲಾಸ್ ಬರುತ್ತಾನೆಂದು ಅವಸರದಲ್ಲಿ ಕಟ್ಟಿದ್ದು. ಆತ ಬರಲೇ ಇಲ್ಲ, ಕಾರಂಜಿ ಉಳಿಯಿತು. ಅದಕ್ಕಾಗಿ ತೋಡಿದ ಕೆರೆ ಸುಮಾರು 350 ಅಡಿ ಮೇಲಿದೆ, ಚಿಮ್ಮಿದ ದಾಖಲೆ 296 ಅಡಿ. ನಡುವಿನ ಐವತ್ತು ಚಿಲ್ಲರೆ ಅಡಿಯನ್ನು ಕೊಳವೆಯ ಘರ್ಷಣೆ ಮತ್ತು ಗಾಳಿ ತಿಂದವು. ಎಂಥ ಕಾರಂಜಿಯೂ ತನ್ನ ಕೆರೆಯ ಎತ್ತರ ಮುಟ್ಟುವುದಿಲ್ಲ.

ಹೀಗೆ ಬಿಟ್ಟ ನೀರು ತಾನಾಗಿ ಮೇಲೆ ಹೋಗುವುದಿಲ್ಲ, ಮಳೆಯೋ ತೊರೆಯೋ ತುಂಬಿಸಬೇಕು. ಆದ್ದರಿಂದಲೇ ಗಂಟೆಗಳ ಲೆಕ್ಕದಲ್ಲಿ ಬಿಡುವುದು, ಬರಗಾಲದಲ್ಲಿ ನಿಲ್ಲಿಸುವುದು. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ ರಾಜನಿಗೇ ನೀರು ಸಾಲುತ್ತಿರಲಿಲ್ಲ. 14ನೇ ಲೂಯಿ ನಡೆದು ಬರುತ್ತಿದ್ದಂತೆ ಆಳುಗಳು ಸೀಟಿ ಹೊಡೆದು ಮುಂದಿನ ಕಾರಂಜಿ ತೆರೆಸುತ್ತಿದ್ದರು, ಅವನು ದಾಟಿದ ಮೇಲೆ ನಿಲ್ಲಿಸುತ್ತಿದ್ದರು.

ಕಾರಂಜಿಯ ವೇಳಾಪಟ್ಟಿಯನ್ನು ಮೊದಲೇ ನೋಡಿ ದಿನದ ಲೆಕ್ಕಕ್ಕೆ ಸೇರಿಸಿ. ಗುಡ್ಡದ ಕಡೆಯಿಂದ ಇಳಿದು ಬರುವ ದಾರಿಯಿದ್ದರೆ ಮೇಲಿನ ಕೆರೆಯನ್ನು ಮೊದಲು ನೋಡಿ. ಕಾಡಿನ ನಡುವೆ ಅಸಹಜವಾಗಿ ನೇರವಾದ ಏರಿ, ತೂಬು, ಕಲ್ಲುಕಾಲುವೆ ಕಂಡರೆ ಅದೇ. ಕೆರೆ ತಳ ಕಂಡಿದ್ದರೆ ಕೆಳಗೆ ಕಾರಂಜಿಯ ಆಸೆ ಬಿಡಿ.

ಪ್ರಶ್ನೆ: ಮರದ ವಯಸ್ಸು ಹೇಳಲು ಚಾರಣಿಗರ ಬಳಿ ಏನಾದರೂ ಉಪಾಯ ಇದೆಯೆ?

ಉತ್ತರ: ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವ ಸಮಶೀತೋಷ್ಣ ನಾಡಿನ ಮರಗಳಿಗೆ ಒಂದು ಅಂದಾಜಿದೆ. ಬ್ರಿಟನ್ನಿನ ಮರತಜ್ಞ ಆಲನ್ ಮಿಚೆಲ್ ಹೇಳಿದ್ದು. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಸುತ್ತಳತೆ ತಗೊಳ್ಳಿ. ಬಯಲಿನಲ್ಲಿ ಒಂಟಿಯಾಗಿ ಬೆಳೆದ ಮರಕ್ಕೆ ವರ್ಷಕ್ಕೆ ಒಂದು ಇಂಚು, ಅಂದರೆ 2.5 ಸೆಂ.ಮೀ.; ಕಾಡಿನ ಇಕ್ಕಟ್ಟಿನಲ್ಲಿ ಬೆಳೆದದ್ದಕ್ಕೆ ಅದರ ಅರ್ಧ; ಸಾಲುಮರಕ್ಕೆ ಎರಡರ ನಡುವಿನದು. ಟೇಪು ಇಲ್ಲದಿದ್ದರೆ ಚಾಚಿದ ಎರಡು ತೋಳಿನ ಅಳತೆ ಹೆಚ್ಚುಕಮ್ಮಿ ನಿಮ್ಮ ಎತ್ತರದಷ್ಟೇ. 1.6 ಮೀಟರ್ ಎತ್ತರದ ಇಬ್ಬರು ಬೆರಳ ತುದಿ ಮುಟ್ಟಿಸಿ ತಬ್ಬಿದರೆ 320 ಸೆಂ.ಮೀ.; ಬಯಲು ಮರವಾದರೆ ಸುಮಾರು 128 ವರ್ಷ, ಕಾಡು ಮರವಾದರೆ 256. ಅದೇ ದಪ್ಪಕ್ಕೆ ಎರಡರಷ್ಟು ವಯಸ್ಸು! ಆದ್ದರಿಂದ ಅಳೆಯುವ ಮೊದಲು ಕೊಂಬೆ ನೋಡಿ. ಕೆಳಗಿನಿಂದಲೇ ಅಗಲವಾಗಿ ಹರಡಿದ್ದರೆ ಅದು ಬಯಲಿನ ಮರ, ಈಗ ಸುತ್ತ ಕಾಡಿದ್ದರೂ ಸರಿ.

ಯೂ ಮರ ಇದಕ್ಕಿಂತ ನಿಧಾನ, ಜೈಂಟ್ ಸಿಕ್ವೊಯ ಇದಕ್ಕಿಂತ ಬಹಳ ವೇಗ. ಸಿಕ್ವೊಯದ ಬೀಜ ಕ್ಯಾಲಿಫೋರ್ನಿಯಾದಿಂದ ಬ್ರಿಟನ್ನಿಗೆ ಬಂದದ್ದೇ 1853ರಲ್ಲಿ. ಅಲ್ಲಿನ ಉದ್ಯಾನದಲ್ಲಿ ಎಷ್ಟು ದಪ್ಪನೆಯದು ಕಂಡರೂ ಅದಕ್ಕಿಂತ ಹಳೆಯದಲ್ಲ. ಬೆಚ್ಚನೆಯ ನಾಡಿನ ಆಲ, ಅರಳಿ, ಮಳೆಮರಗಳಿಗೆ ಈ ಸೂತ್ರ ಒಪ್ಪುವುದಿಲ್ಲ.

ಬುತ್ತಿ ಬಿಚ್ಚಲು ಮಾತ್ರ ಮುದಿಮರದ ಕೆಳಗೆ ಕೂರಬೇಡಿ. ಗಾಳಿಯೇ ಇಲ್ಲದ ಬಿಸಿ ಮಧ್ಯಾಹ್ನದಲ್ಲಿ ಬೀಚ್, ಓಕ್, ದೇವದಾರುಗಳ ದೊಡ್ಡ ಕೊಂಬೆ ಸೂಚನೆಯಿಲ್ಲದೆ ಕಳಚಿ ಬೀಳುವುದುಂಟು. ಎಲೆ ತುಂಬಿದ ಉದ್ದನೆಯ ಅಡ್ಡಕೊಂಬೆಯ ಕೆಳಗೇ ನೆರಳು ಚೆನ್ನಾಗಿರುವುದು, ದುರದೃಷ್ಟ.

ಪ್ರಶ್ನೆ: ನಡೆದು ಹೋದವರಿಗೆ ಮಾತ್ರ ಕಾಣುವಂಥದ್ದು ಏನಾದರೂ ಉಂಟೆ, ಅಥವಾ ಎಲ್ಲ ಸುಮ್ಮನೆ ಕಾಲು ನೋಯಿಸಿಕೊಳ್ಳುವುದೋ?

ಉತ್ತರ: ಎರಡು ಇವೆ. ಒಂದು, ಬೆಟ್ಟದಂಚಿನಲ್ಲಿ ನಿಲ್ಲಿಸಿದ ಹುಸಿ ಕಟ್ಟಡ. ಇಂಗ್ಲೆಂಡಿನ ರೌಷಮ್‌ನಲ್ಲಿ ಉದ್ಯಾನ ವಿನ್ಯಾಸಕಾರ ವಿಲಿಯಂ ಕೆಂಟ್ ದೂರದ ದಿಬ್ಬದ ಮೇಲೆ ಪಾಳುಗೋಡೆಯೊಂದನ್ನು ಉದ್ಯಾನದ ನೋಟಕ್ಕೆಂದೇ ಕಟ್ಟಿಸಿದ. ಉದ್ಯಾನದಿಂದ ನೋಡಿದರೆ ಯಾವುದೋ ಹಳೆಯ ಕೋಟೆ. ಹಿಂದಿನಿಂದ ಬಂದ ದಾರಿಹೋಕನಿಗೆ ಬೆನ್ನಿಗೆ ಊರೆ ಕೊಟ್ಟ ಒಂದೇ ಗೋಡೆ, ನಾಟಕದ ಪರದೆಯ ಹಾಗೆ.

ಇನ್ನೊಂದು, ಬೇಸಿಗೆ ಬಲವಾಗಿ ಬಡಿದ ವರ್ಷ ಮೇಲಿನಿಂದ ಕಾಣುವ ಹುಲ್ಲಿನ ಗುರುತು. ಹುಲ್ಲಿನಡಿ ಹಳೆಯ ಜಲ್ಲಿ ಹಾದಿಯೋ ಅಡಿಪಾಯವೋ ಇದ್ದಲ್ಲಿ ಮಣ್ಣು ತೆಳು, ತೇವ ಬೇಗ ಆರಿ ಅಲ್ಲಿನ ಹುಲ್ಲು ಮೊದಲು ಒಣಗುತ್ತದೆ. 2018ರ ಬೇಸಿಗೆಯಲ್ಲಿ ಚಾಟ್ಸ್‌ವರ್ತ್‌ನ ಹುಲ್ಲುಹಾಸಿನ ಮೇಲೆ 1699ರ ಹೂಪಾತಿಯ ಸುರುಳಿ ವಿನ್ಯಾಸವಿಡೀ ಕಂದು ಗೆರೆಗಳಲ್ಲಿ ಎದ್ದು ಬಂತು. ಹುಲ್ಲಿನ ಮೇಲೇ ನಿಂತವರಿಗೆ ಬರೀ ಒಣ ತೇಪೆ. ಎತ್ತರದಿಂದ ನೋಡಿದವರಿಗೆ ರಂಗೋಲಿ. ಒಂದು ಮಳೆ ಬಿದ್ದರೆ ಅಳಿಸಿಹೋಗುತ್ತದೆ. ಹಾಗಾಗಿ ಬರದ ವರ್ಷ ಉದ್ಯಾನಕ್ಕೆ ಹೋಗಬೇಡಿ ಎನ್ನುವವರ ಮಾತು ಕೇಳಬೇಕಿಲ್ಲ.

ಪ್ರಶ್ನೆ: ದಾರಿಯಲ್ಲಿ ದನ, ಜಿಂಕೆಗಳ ಹಿಂಡು ಸಿಗುತ್ತದಂತೆ. ಭಯವೆ?

ಉತ್ತರ: ಕರುವಿರುವ ಹಸುವಿನ ಮತ್ತು ಅದರ ಕರುವಿನ ನಡುವೆ ಹಾಯಬೇಡಿ, ಸುತ್ತು ಹಾಕಿ. ನಾಯಿ ಜೊತೆಗಿದ್ದು ದನ ಮೇಲೆ ಬಂದರೆ ಹಗ್ಗ ಬಿಟ್ಟುಬಿಡಿ. ದನದ ಸಿಟ್ಟು ನಾಯಿಯ ಮೇಲೆ, ನಾಯಿ ಓಡಿ ಪಾರಾಗುತ್ತದೆ. ಜಿಂಕೆಗಳಿಂದ ಕನಿಷ್ಠ 50 ಮೀಟರ್ ದೂರವಿರಿ, ಗಂಡುಗಳು ಕಾದಾಡುವ ಹಂಗಾಮಿನಲ್ಲಿ ಇನ್ನೂ ದೂರ. ತೆರೆದಿದ್ದ ಗೇಟು ತೆರೆದೇ ಇರಲಿ, ಮುಚ್ಚಿದ್ದನ್ನು ಮುಚ್ಚಿ.

ಪ್ರಶ್ನೆ: ತಾಯಿಗೆ ಅರವತ್ತೆಂಟು, ಮಂಡಿನೋವು. ಕರೆದುಕೊಂಡು ಹೋಗಬಹುದೆ?

ಉತ್ತರ: ಮಂಡಿಗೆ ಕಷ್ಟ ಕೊಡುವುದು ಇಳಿತ. ಹೋಗುವಾಗ ಏರಿ ನಡೆದು, ಮರಳುವಾಗ ವಾಹನದಲ್ಲಿ ಇಳಿಯುವಂತೆ ದಾರಿ ಆರಿಸಿ. ಎರಡು ಊರುಗೋಲು ಕೊಡಿ. ಸಮತಟ್ಟಿನಲ್ಲಿ ಮೊಣಕೈ 90 ಡಿಗ್ರಿ ಮಡಿಚುವಷ್ಟು ಉದ್ದವಿರಲಿ, ಇಳಿಯುವಾಗ 5ರಿಂದ 10 ಸೆಂ.ಮೀ. ಹೆಚ್ಚಿಸಿ. ಉದ್ಯಾನ ಹೊಕ್ಕುವ ಮೊದಲು ಉಕ್ಕಿನ ಮೊನೆಗೆ ರಬ್ಬರ್ ಟೊಪ್ಪಿ ಹಾಕಿ, ಇಲ್ಲವಾದರೆ ಹಳೆಯ ಕಲ್ಲುಮೆಟ್ಟಿಲಿನ ಮೇಲೆ ಜಾರುತ್ತದೆ, ಕಲ್ಲೂ ಗೀರುತ್ತದೆ. ಸವೆದ ಮೆಟ್ಟಿಲಿಗೆ ನಡುವಿನಲ್ಲಿ ತಗ್ಗು, ಅಲ್ಲೇ ಪಾಚಿ. ಅಂಚಿನಲ್ಲಿ ಕಾಲಿಡಲು ಹೇಳಿ. ನೀವು ಕೇಳದೆ ಇರುವ ಮಾತೊಂದು: ನಡೆಯುವುದಕ್ಕಿಂತ ನಿಂತು ನೋಡುವುದು ಮಂಡಿಗೆ ಹೆಚ್ಚು ಬಳಲಿಕೆ, ಬೆಂಚು ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ.

ಪ್ರಶ್ನೆ: ನೀರು ಎಷ್ಟು? ಚೀಲ ಎಷ್ಟು ದೊಡ್ಡದು?

ಉತ್ತರ: ತಂಪು ಹವೆಯಲ್ಲಿ ಗಂಟೆಗೆ ಅರ್ಧ ಲೀಟರ್, ಬಿಸಿಲಿಗೆ ಮುಕ್ಕಾಲರಿಂದ ಒಂದು ಲೀಟರ್. ತಲೆಗೆ 2 ಲೀಟರ್ ಹೊತ್ತು, ಉದ್ಯಾನದ ನಲ್ಲಿಯಲ್ಲಿ ಮತ್ತೆ ತುಂಬಿಸಿ. ಕೆರೆ, ಕಾರಂಜಿಯ ನೀರು ಬೇಡವೇ ಬೇಡ. ನಿಂತ ಕೆರೆಯಲ್ಲಿ ನೀಲಿಹಸಿರು ಪಾಚಿಯ ವಿಷವಿರಬಹುದು, ಕುದಿಸಿದರೂ ಅದು ಹೋಗದು. ಚೀಲ 20ರಿಂದ 25 ಲೀಟರ್ ಸಾಕು. ಅದಕ್ಕಿಂತ ದೊಡ್ಡದನ್ನು ಗಾಜಿನ ಮನೆಯೊಳಗೆ ಬಿಡದಿರಬಹುದು. ಬೆನ್ನು ತಿರುಗಿಸಿದರೆ ಕುಂಡ ಉರುಳುತ್ತದೆ.

ಪ್ರಶ್ನೆ: ಗುಡುಗು ಮಳೆ ಬಂದರೆ ಮಂಟಪದಲ್ಲಿ ನಿಲ್ಲಬಹುದೆ?

ಉತ್ತರ: ದಿಬ್ಬದ ಮೇಲಿನ ತೆರೆದ ಮಂಟಪ, ಒಂಟಿಮರ ಎರಡೂ ಬೇಡ. ಮಿಂಚಿ 30 ಸೆಕೆಂಡಿನೊಳಗೆ ಗುಡುಗಿದರೆ ಬಂಗಲೆಯಂಥ ಮುಚ್ಚಿದ ಕಟ್ಟಡಕ್ಕೆ ಹೋಗಿ, ಕೊನೆಯ ಗುಡುಗಿನಿಂದ 30 ನಿಮಿಷ ಅಲ್ಲೇ ಇರಿ. ಜೋರು ಗಾಳಿಯ ದಿನ ಮರ ಬೀಳುವ ಭಯಕ್ಕೆ ಉದ್ಯಾನವನ್ನೇ ಮುಚ್ಚುವುದುಂಟು. ಬೆಳಿಗ್ಗೆ ವಿಚಾರಿಸಿಯೇ ಹೆಜ್ಜೆ ಇಡಿ.

ಪ್ರಶ್ನೆ: ಗಡಿಯಾರ, ಫೋನು ಎರಡೂ ಕೈಕೊಟ್ಟರೆ ಬೆಳಕು ಇನ್ನೆಷ್ಟಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ತೋಳು ಪೂರ್ತಿ ಚಾಚಿ, ಅಂಗೈ ನಿಮ್ಮ ಕಡೆಗೆ ಮಡಿಚಿ, ಬೆರಳುಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಇಟ್ಟು ದಿಗಂತಕ್ಕೂ ಸೂರ್ಯನ ಕೆಳ ಅಂಚಿಗೂ ನಡುವೆ ಎಷ್ಟು ಹಿಡಿಸುತ್ತವೆ ಎಂದು ಎಣಿಸಿ. ಬೆರಳಿಗೆ 15 ನಿಮಿಷ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಸೂರ್ಯ ಓರೆಯಾಗಿ ಇಳಿಯುವ ದೂರದ ಉತ್ತರ ದೇಶಗಳ ಲೆಕ್ಕ. ಒಂದು ಬೆರಳ ಅಗಲ ಸುಮಾರು 2 ಡಿಗ್ರಿ, ಸೂರ್ಯ 1 ಡಿಗ್ರಿ ಸರಿಯಲು 4 ನಿಮಿಷ. ಭೂಮಧ್ಯರೇಖೆಗೆ ಹತ್ತಿರದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ ಬೆರಳಿಗೆ 8 ನಿಮಿಷ ಮಾತ್ರ, ಮುಸ್ಸಂಜೆಯ ಬೆಳಕೂ ಅಲ್ಲಿ ಗಿಡ್ಡ. ನಾಲ್ಕು ಬೆರಳು ಕಂಡು ‘ಇನ್ನೂ ಒಂದು ಗಂಟೆ ಇದೆ’ ಎಂದು ಗುಲಾಬಿ ತೋಟಕ್ಕೆ ತಿರುಗಿದರೆ ಅರ್ಧ ಗಂಟೆಗೇ ಸೂರ್ಯ ಮುಳುಗಿರುತ್ತಾನೆ. ಪಶ್ಚಿಮಕ್ಕೆ ಗುಡ್ಡವಿದ್ದರೆ ದಿಗಂತದ ಬದಲು ಗುಡ್ಡದ ನೆತ್ತಿಯಿಂದ ಎಣಿಸಿ, ಮತ್ತು ಸೂರ್ಯನನ್ನು ಬೆರಳಿನ ಮರೆಯಲ್ಲೇ ಇಟ್ಟುಕೊಳ್ಳಿ, ನೇರ ನೋಡಬೇಡಿ.